ಪೆನ್ನು ಯಾರ ಕೈಯಲ್ಲಿದೆ?

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯವನ್ನು ಕುರಿತವು: ಮಕ್ಕಳ ಓದಿನೊಳಗೆ ಬಂದು ಕೂತಿರುವ ಮೊಬೈಲ್, ಕಂಪ್ಯೂಟರ್ ಮತ್ತು ಈಗ ಎಐ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಈಗ ಹೊಸ ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವಳು ನಾನು. ಈ ಸಾಧನಗಳಿಂದ ಕಲಿತು ಬೆಳೆದವರನ್ನು ಕಂಡಿದ್ದೇನೆ, ಅವುಗಳ ಎದುರು ವರ್ಷಗಟ್ಟಲೆ ಕೂತು ಏನನ್ನೂ ಕಲಿಯದವರನ್ನೂ ಕಂಡಿದ್ದೇನೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲ, ಎಂಟನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಎಂಟನೇ ತರಗತಿ. ದಿನಕ್ಕೆ ಎರಡು ಗಂಟೆ ಮೊಬೈಲಿನಲ್ಲಿ ಗಣಿತದ ಪಾಠ ನೋಡುತ್ತಾನೆ. ಬೇರೇನೂ ನೋಡುವುದಿಲ್ಲ, ನಾನು ಪಕ್ಕದಲ್ಲಿಯೇ ಇರುತ್ತೇನೆ. ಎಲ್ಲ ಅರ್ಥವಾಯಿತು ಎನ್ನುತ್ತಾನೆ. ಪರೀಕ್ಷೆಯಲ್ಲಿ ಮಾತ್ರ ಅಂಕ ಇಳಿಯುತ್ತಲೇ ಇದೆ. ಸುಳ್ಳು ಹೇಳುತ್ತಿದ್ದಾನೆಯೇ? (ಒಬ್ಬ ತಾಯಿ)

ಉತ್ತರ: ಇಲ್ಲಮ್ಮ, ಅವನು ಸುಳ್ಳು ಹೇಳುತ್ತಿಲ್ಲ. ನೋಡುವ ಹೊತ್ತಿನಲ್ಲಿ ಅವನಿಗೆ ಅರ್ಥವಾಗುತ್ತಿರುವುದು ನಿಜ. ಬಲ್ಲವರು ಲೆಕ್ಕ ಬಿಡಿಸುತ್ತಾ ಹೋಗುವಾಗ ಒಂದೊಂದು ಹೆಜ್ಜೆಗೂ ತಲೆಯಾಡಿಸುವುದು ಸುಲಭ. ಖಾಲಿ ಹಾಳೆಯ ಮುಂದೆ ಕೂತಾಗ ಮುಂದಿನ ಹೆಜ್ಜೆ ಯಾವುದೆಂದು ಅವನೇ ಆರಿಸಬೇಕು. ಆ ಆಯ್ಕೆಯನ್ನು ಈ ಎರಡು ಗಂಟೆಗಳಲ್ಲಿ ಅವನು ಒಮ್ಮೆಯೂ ಮಾಡಿಲ್ಲ. ದಂಡೆಯ ಮೇಲೆ ಕೂತು ಈಜುವವರನ್ನು ಎಷ್ಟು ದಿನ ನೋಡಿದರೂ ನೀರಿಗಿಳಿದ ದಿನವೇ ಮೊದಲ ದಿನ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ತರಗತಿಗೆ ಪ್ರೊಜೆಕ್ಟರ್ ಬಂದ ವರ್ಷ ವರ್ಗ ಸಮೀಕರಣದ ಪಾಠವನ್ನೆಲ್ಲ ಸ್ಲೈಡುಗಳಲ್ಲಿ ತಯಾರಿಸಿದ್ದೆ. ಕರಿಹಲಗೆಯ ಮೇಲೆ ಒಂದು ಅವಧಿಯಲ್ಲಿ ನಾಲ್ಕು ಲೆಕ್ಕ ಮುಗಿಯುತ್ತಿದ್ದ ಕಡೆ ಹನ್ನೊಂದು ಮುಗಿಯತೊಡಗಿದವು. ಎಷ್ಟು ಸಂತೋಷಪಟ್ಟಿದ್ದೆ! ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದಾಗ, ಹಿಂದಿನ ವರ್ಷದ ಮಕ್ಕಳು ಸಲೀಸಾಗಿ ಮಾಡಿದ್ದ ಲೆಕ್ಕಗಳು ಇವರಿಗೆ ಬಂದಿರಲಿಲ್ಲ. ನಾನು ಸೀಮೆಸುಣ್ಣದಿಂದ ನಿಧಾನವಾಗಿ ಬರೆಯುತ್ತಿದ್ದ ಆ ಹೊತ್ತಿನಲ್ಲಿ ಮಕ್ಕಳು ನನಗಿಂತ ಒಂದು ಸಾಲು ಮುಂದೆ ಓಡಿ ಊಹಿಸುತ್ತಿದ್ದರು, ನಾನು ಚಿಹ್ನೆ ತಪ್ಪಿದರೆ ಕೂಗಿ ಹೇಳುತ್ತಿದ್ದರು. ಸ್ಲೈಡು ಆ ಹೊತ್ತನ್ನೇ ನುಂಗಿಹಾಕಿತ್ತು.

ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ಬರಹವನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇಕಡ 42, ನೆನಪಿನಿಂದ ಬರೆದವರಿಗೆ ಶೇಕಡ 56. ನಿಮ್ಮ ಮಗನ "ಅರ್ಥವಾಯಿತು" ಐದು ನಿಮಿಷದ್ದು. ಪರೀಕ್ಷೆ ಕೇಳುವುದು ವಾರದ ನಂತರದ್ದನ್ನು.

ವಿಡಿಯೊ ನೋಡುವುದನ್ನು ಬಿಡಿಸಬೇಡಿ. ಹತ್ತು ನಿಮಿಷದ ಒಂದು ಪಾಠ ಸಾಕು. ಲೆಕ್ಕವನ್ನು ಓದಿ ಹೇಳಿದ ಕೂಡಲೇ ಅಲ್ಲಿಯೇ ನಿಲ್ಲಿಸಿ, ಅವನು ಮೊದಲು ಪ್ರಯತ್ನಿಸಲಿ. ಸಿಕ್ಕಿಕೊಂಡ ಜಾಗಕ್ಕೆ ಒಂದು ಗುರುತು ಹಾಕಿ, ಅಷ್ಟನ್ನು ಮಾತ್ರ ನೋಡಲಿ. ಆಮೇಲೆ ಮೊಬೈಲ್ ಬೇರೆ ಕೋಣೆಗೆ ಹೋಗಲಿ, ಅದೇ ಲೆಕ್ಕ ಮತ್ತೆ ಖಾಲಿ ಹಾಳೆಯ ಮೇಲೆ ಬರಲಿ. ಮರುದಿನ ಅದೇ ಬಗೆಯ ಇನ್ನೊಂದು, ನಾಲ್ಕು ದಿನ ಬಿಟ್ಟು ಮತ್ತೊಂದು. ಈ ಕ್ರಮದಲ್ಲಿ ಎರಡು ಗಂಟೆಯೂ ಬೇಕಾಗುವುದಿಲ್ಲ. ಅವನು ಗೊಣಗುತ್ತಾನೆ, ಸಿದ್ಧವಾಗಿರಿ. ನೋಡುವುದಕ್ಕಿಂತ ಇದು ಕಷ್ಟದ ಕೆಲಸ.

ವಿಡಿಯೊದ ದೊಡ್ಡ ಉಪಕಾರವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2004ರಲ್ಲಿ ದೂರದಲ್ಲಿದ್ದ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ತೊಡಗಿ, ಮುಂದೆ ಖಾನ್ ಅಕಾಡೆಮಿ ಎಂಬ ಉಚಿತ ವಿಡಿಯೊ ಪಾಠಗಳ ತಾಣ ಕಟ್ಟಿದ ಅಮೆರಿಕದ ಸಲ್ಮಾನ್ ಖಾನ್, ತಮ್ಮ ಸಂಬಂಧಿ ಮಕ್ಕಳಿಗೆ ತಾನು ಎದುರಿಗಿರುವುದಕ್ಕಿಂತ ಯೂಟ್ಯೂಬಿನಲ್ಲಿರುವುದೇ ಹೆಚ್ಚು ಇಷ್ಟವಾಯಿತು ಎಂದು ಹೇಳಿಕೊಂಡಿದ್ದಾರೆ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಆರನೇ ಸಲ ಕೇಳಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ನಾಚಿಕೆಯಿಂದ ಕೈ ಎತ್ತದೆ ಕೂತ ಎಷ್ಟೋ ಮಕ್ಕಳ ಮುಖ ನನ್ನ ಕಣ್ಣ ಮುಂದೆ ಬರುತ್ತದೆ. ಅವರಿಗೆ ಆಗ ಇದು ಸಿಕ್ಕಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಶಾಲೆಗೆ ಒಬ್ಬ ಹಳೆಯ ವಿದ್ಯಾರ್ಥಿ ದೊಡ್ಡ ಮೊತ್ತ ನೀಡಲು ಮುಂದೆ ಬಂದಿದ್ದಾರೆ. ಪ್ರತಿ ಮಗುವಿಗೂ ಟ್ಯಾಬ್ಲೆಟ್ ಕೊಡಿಸಬೇಕೆಂದು ಸಮಿತಿಯಲ್ಲಿ ಕೆಲವರು, ಸ್ಮಾರ್ಟ್ ಬೋರ್ಡ್ ಸಾಕೆಂದು ಕೆಲವರು. ನಿಮ್ಮ ಸಲಹೆ? (ಶಾಲಾ ಸಮಿತಿಯ ಸದಸ್ಯರು)

ಉತ್ತರ: ಯಾವುದನ್ನೂ ಈ ತಿಂಗಳು ಕೊಳ್ಳಬೇಡಿ.

ಶಾಲೆಗೆ ಯಂತ್ರ ತಂದರೆ ಕಲಿಕೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಹಳೆಯದು. 1913ರಲ್ಲಿ ಥಾಮಸ್ ಎಡಿಸನ್, ಇನ್ನು ಹತ್ತು ವರ್ಷದೊಳಗೆ ಶಾಲೆಗಳು ಪೂರ್ತಿ ಬದಲಾಗುತ್ತವೆ, ಚಲನಚಿತ್ರವೇ ಕಲಿಸುತ್ತದೆ, ಪುಸ್ತಕಗಳು ಮೂಲೆ ಸೇರುತ್ತವೆ ಎಂದಿದ್ದರು. 2005ರಲ್ಲಿ ನಿಕೋಲಸ್ ನೆಗ್ರೊಪಾಂಟಿ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ಜಗತ್ತಿನ ಮುಂದಿಟ್ಟರು. ಪೆರು ದೇಶ ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಅಲ್ಲಿನ ಮುನ್ನೂರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಬಂದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಏರಿದ್ದು ಕಾಣಲಿಲ್ಲ. ಲ್ಯಾಪ್‌ಟಾಪ್ ಬಂದಿತ್ತು, ಪಾಠ ಹಾಗೆಯೇ ಉಳಿದಿತ್ತು.

ಇನ್ನೊಂದು ಬದಿಯನ್ನೂ ನೋಡಿ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರಗಳಲ್ಲಿ ಒಂದು ತಂತ್ರಾಂಶವನ್ನು ಬಳಸಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತದ ಕಲಿಕೆ ಗಮನಾರ್ಹವಾಗಿ ಮೇಲೇರಿತ್ತು. ಕಾರಣ ಸ್ಪಷ್ಟ. ಏಳನೇ ತರಗತಿಯ ಬೆಂಚಿನಲ್ಲಿ ಕೂತಿದ್ದರೂ ನಾಲ್ಕನೇ ತರಗತಿಯ ಭಿನ್ನರಾಶಿ ಬಾರದ ಮಗುವಿಗೆ ಆ ತಂತ್ರಾಂಶ ನಾಲ್ಕನೇ ತರಗತಿಯಿಂದಲೇ ಲೆಕ್ಕ ಕೊಡುತ್ತಿತ್ತು. ನಲವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕಿಗೆ ಇದು ಮನಸ್ಸಿದ್ದರೂ ಆಗದ ಕೆಲಸ. ನಾನು ಆ ಶಿಕ್ಷಕಿಯಾಗಿದ್ದೆ, ನನಗೆ ಗೊತ್ತು.

ಹಾಗಾಗಿ ಮೊದಲು ನಿಮ್ಮ ಶಿಕ್ಷಕರನ್ನು ಕೂರಿಸಿ ಕೇಳಿ: ನಿಮ್ಮ ಯಾವ ಪಾಠ, ಯಾವ ಮಗುವಿಗೆ, ಎಲ್ಲಿ ತೊಡಕಾಗುತ್ತಿದೆ? ಆ ತೊಡಕನ್ನು ಬಿಡಿಸುವ ಸಾಧನವಿದ್ದರೆ ಎರವಲು ತಂದು ಮೂರು ವಾರ ಒಂದು ತರಗತಿಯಲ್ಲಿ ಬಳಸಿ ನೋಡಿ. ಬಂದ ಮೊತ್ತದಲ್ಲಿ ಒಂದು ಪಾಲನ್ನು ದುರಸ್ತಿಗೆ, ಇನ್ನೊಂದನ್ನು ಶಿಕ್ಷಕರ ತರಬೇತಿಗೆ ಮುಟ್ಟದಂತೆ ತೆಗೆದಿಡಿ. ಬ್ಯಾಟರಿ ಕೆಟ್ಟರೆ ಯಾರು ಬದಲಿಸುತ್ತಾರೆ, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಾನು ಕಂಡ ಒಂದು ಶಾಲೆಯಲ್ಲಿ ಹನ್ನೆರಡು ಕಂಪ್ಯೂಟರುಗಳು ಬಟ್ಟೆ ಹೊದ್ದು ನಾಲ್ಕು ವರ್ಷ ಬೀಗದೊಳಗಿದ್ದವು. ಮಕ್ಕಳು ಹಾಳು ಮಾಡಿಬಿಟ್ಟಾರು ಎಂಬ ಭಯ. ಕೊನೆಗೆ ಅವು ಹಾಳಾದದ್ದು ಯಾರೂ ಮುಟ್ಟದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ವಿಜ್ಞಾನದ ಪ್ರಯೋಗಾಲಯವಿಲ್ಲ. ಕಂಪ್ಯೂಟರಿನಲ್ಲಿ ಪ್ರಯೋಗಗಳ ಸಿಮ್ಯುಲೇಶನ್ ತೋರಿಸುತ್ತೇನೆ. ಮಕ್ಕಳಿಗೆ ಮೋಸ ಮಾಡುತ್ತಿದ್ದೇನೆಯೇ? (ವಿಜ್ಞಾನ ಶಿಕ್ಷಕರು)

ಉತ್ತರ: ಖಂಡಿತ ಇಲ್ಲ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಫೆಟ್ ಎಂಬ ಉಚಿತ ಸಿಮ್ಯುಲೇಶನ್ ಯೋಜನೆ ಆರಂಭಿಸಿದರು. ಅದರ ವಿದ್ಯುನ್ಮಂಡಲದ ಸಿಮ್ಯುಲೇಶನ್ ಬಳಸಿ ಕಲಿತ ಕಾಲೇಜು ವಿದ್ಯಾರ್ಥಿಗಳು, ನಿಜವಾದ ತಂತಿ ಮತ್ತು ಬಲ್ಬು ಬಳಸಿ ಕಲಿತವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದಿದ್ದರು ಎಂದು 2005ರ ಅಧ್ಯಯನ ತೋರಿಸಿತು. ಇನ್ನೂ ಸೋಜಿಗವೆಂದರೆ ಆಮೇಲೆ ನಿಜವಾದ ಮಂಡಲ ಜೋಡಿಸಲು ಹೇಳಿದಾಗಲೂ ಅವರೇ ಮುಂದಿದ್ದರು. ತಂತಿಯೊಳಗೆ ಚಲಿಸುವ ಎಲೆಕ್ಟ್ರಾನುಗಳು ಪರದೆಯ ಮೇಲೆ ಕಣ್ಣಿಗೆ ಕಾಣುತ್ತವೆ. ಮೇಜಿನ ಮೇಲೆ ಕಾಣುವುದಿಲ್ಲ.

ಆದರೂ ಒಂದು ಕೊರತೆಯಿದೆ. ಪರದೆಯ ಮೇಲಿನ ತಂತಿ ಎಂದೂ ಸಡಿಲವಾಗುವುದಿಲ್ಲ, ಸೆಲ್ಲು ಸದ್ದಿಲ್ಲದೆ ಸಾಯುವುದಿಲ್ಲ. ಬಲ್ಬು ಹತ್ತದಿದ್ದಾಗ ಎಲ್ಲಿ ತಪ್ಪಿದೆ ಎಂದು ಹುಡುಕುವ ಆ ಅರ್ಧ ಗಂಟೆಯೇ ವಿಜ್ಞಾನದ ಒಳ್ಳೆಯ ಪಾಠ. ಸಿಮ್ಯುಲೇಶನ್ ಮೊದಲು ಇರಲಿ. ಅದರ ಹಿಂದೆಯೇ ಒಂದು ಸೆಲ್ಲು, ಒಂದು ಬಲ್ಬು, ಎರಡು ತುಂಡು ತಂತಿ ಮಕ್ಕಳ ಕೈಗೆ ಬರಲಿ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಇನ್ನೊಂದು ಮಾತು: ಪತ್ರದಲ್ಲಿ "ತೋರಿಸುತ್ತೇನೆ" ಎಂದು ಬರೆದಿದ್ದೀರಿ. ಮೌಸ್ ನಿಮ್ಮ ಕೈಯಲ್ಲಿದ್ದರೆ ಅದು ಸಿನಿಮಾ. ಕಂಪ್ಯೂಟರ್ ಒಂದೇ ಇದ್ದರೂ ಸರಿ, ಸರದಿಯಂತೆ ಮಕ್ಕಳು ಬರಲಿ. ಗುಂಡಿ ಒತ್ತುವ ಮುನ್ನ ಏನಾಗುತ್ತದೆ ಎಂದು ಉಳಿದವರೆಲ್ಲ ಪುಸ್ತಕದಲ್ಲಿ ಬರೆದಿಡಲಿ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಈಗ ಆರನೇ ತರಗತಿ. ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದೆ, ಬ್ರೈಲ್ ಕಲಿಯುವ ಕಷ್ಟ ಏಕೆ ಎಂದು ಸಂಬಂಧಿಕರು ಕೇಳುತ್ತಾರೆ. ಬ್ರೈಲ್ ನಿಲ್ಲಿಸಬಹುದೇ? (ಒಬ್ಬ ತಂದೆ)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ.

ನನ್ನ ತರಗತಿಯಲ್ಲಿ ದೃಷ್ಟಿಯಿಲ್ಲದ ಒಬ್ಬ ಹುಡುಗಿಯಿದ್ದಳು. ನಾನು ಲೆಕ್ಕವನ್ನು ಗಟ್ಟಿಯಾಗಿ ಓದಿದೆ: ಎಕ್ಸ್ ಕೂಡಿಸು ಒಂದು, ಭಾಗಿಸು ಎರಡು. ಅವಳು ಕೂಡಲೇ ಕೇಳಿದಳು: "ಟೀಚರ್, ಎರಡು ಯಾವುದರ ಕೆಳಗಿದೆ? ಒಂದರ ಕೆಳಗೋ, ಇಡೀ ಮೊತ್ತದ ಕೆಳಗೋ?" ಎಕ್ಸ್ ಮೂರಾಗಿದ್ದರೆ ಒಂದು ಬಗೆಯಲ್ಲಿ ಉತ್ತರ ಮೂರೂವರೆ, ಇನ್ನೊಂದು ಬಗೆಯಲ್ಲಿ ಎರಡು. ಕಣ್ಣಿರುವ ಮಕ್ಕಳು ಹಲಗೆ ನೋಡಿ ಸುಮ್ಮನಿದ್ದರು. ಅಷ್ಟು ವರ್ಷ ಕಲಿಸಿಯೂ, ಕಿವಿಗೆ ಮಾತ್ರ ತಲುಪುವ ಗಣಿತ ಎಷ್ಟು ಅಸ್ಪಷ್ಟ ಎಂಬುದು ನನಗೆ ಹೊಳೆದಿರಲಿಲ್ಲ.

ಕೇಳುವುದು ಬೇರೆ, ಓದುವುದು ಬೇರೆ. ದೀರ್ಘ ಎಲ್ಲಿದೆ, ಒತ್ತಕ್ಷರ ಯಾವುದು, ಅಲ್ಪವಿರಾಮ ಎಲ್ಲಿ ಬಿದ್ದಿದೆ, ಇವೆಲ್ಲ ಬೆರಳ ತುದಿಗೆ ಸಿಗುತ್ತವೆ, ದನಿಯಲ್ಲಿ ಜಾರಿಹೋಗುತ್ತವೆ. ಲೂಯಿ ಬ್ರೈಲ್ ಆರು ಚುಕ್ಕೆಗಳ ಈ ಲಿಪಿಯನ್ನು 1824ರಲ್ಲಿ ರೂಪಿಸಿದಾಗ ಅವನಿಗೆ ಹದಿನೈದು ವರ್ಷ, ನಿಮ್ಮ ಮಗಳಿಗಿಂತ ಸ್ವಲ್ಪವೇ ದೊಡ್ಡವನು. ಹುಟ್ಟುಕುರುಡರಾಗಿದ್ದ ಗಣಿತಜ್ಞ ಅಬ್ರಹಾಂ ನೆಮೆತ್ ಗಣಿತಕ್ಕೆಂದೇ ಒಂದು ಬ್ರೈಲ್ ಕ್ರಮವನ್ನು ರೂಪಿಸಿದರು. ಅದರಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟುವುದೇ ಇಲ್ಲ. ಭಿನ್ನರಾಶಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಗುರುತುಗಳಿವೆ.

ಓದಿ ಹೇಳುವ ಮೊಬೈಲನ್ನೂ ಬಿಡಬೇಡಿ. ಕಾದಂಬರಿ, ವರ್ತಮಾನ, ಇತಿಹಾಸದ ದೊಡ್ಡ ಅಧ್ಯಾಯ, ಇವೆಲ್ಲ ಕಿವಿಯಿಂದ ಬೇಗ ಸಾಗುತ್ತವೆ. ಕಂಪ್ಯೂಟರಿಗೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ತಾನೇ ದೃಷ್ಟಿಯಿಲ್ಲದ ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯಾದ ಯುವಕ 2006ರಲ್ಲಿ ಅದನ್ನು ಬರೆಯಲು ತೊಡಗಿದ. ಹಣವಿದ್ದವರಿಗಷ್ಟೇ ಓದು ಎಂಬ ಸ್ಥಿತಿಯನ್ನು ಅದು ಸಡಿಲಿಸಿತು. ಈ ಪುಟದಲ್ಲಿ ತಂತ್ರಜ್ಞಾನದ ಬಗ್ಗೆ ನಾನು ಎಷ್ಟೇ ಎಚ್ಚರ ಹೇಳಿದರೂ, ಇಂತಹ ಕೆಲಸದ ಮುಂದೆ ಕೈಮುಗಿಯುತ್ತೇನೆ.

ಶಾಲೆಯಲ್ಲಿ ಒಂದನ್ನು ಪಟ್ಟುಹಿಡಿದು ಕೇಳಿ: ಟಿಪ್ಪಣಿಗಳನ್ನು ಫೋಟೊ ತೆಗೆದು ಕಳುಹಿಸಬಾರದು, ಟೈಪ್ ಮಾಡಿ ಕಳುಹಿಸಬೇಕು. ಫೋಟೊದಲ್ಲಿರುವ ಕೈಬರಹ ಅವಳ ಯಂತ್ರಕ್ಕೆ ಬಹುಪಾಲು ಬರಿಯ ಚಿತ್ರ. ಶಿಕ್ಷಕರಿಗೆ ಹದಿನೈದು ನಿಮಿಷದ ಹೆಚ್ಚಿನ ಕೆಲಸ, ನಿಮ್ಮ ಮಗಳಿಗೆ ಇಡೀ ಪಾಠ.

ಪ್ರಶ್ನೆ: ಟಿಪ್ಪಣಿಯನ್ನು ಕೈಯಲ್ಲಿ ಬರೆಯಲೇ, ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಲೇ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಕೈಬರಹವೇ ಮೇಲು ಎಂದು 2014ರ ಅಧ್ಯಯನವೊಂದು ಬಹಳ ಸುದ್ದಿ ಮಾಡಿತು. ಅದನ್ನು ಮತ್ತೆ ಮಾಡಿ ನೋಡಿದವರಿಗೆ ಅಷ್ಟು ಸ್ಪಷ್ಟ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ಅದರ ಹೆಸರಿನಲ್ಲಿ ನಿನಗೆ ಆಜ್ಞೆ ಮಾಡುವುದಿಲ್ಲ. ಹೇಳಿದ್ದನ್ನೆಲ್ಲ ಅಕ್ಷರಕ್ಕಕ್ಷರ ಇಳಿಸುತ್ತಿದ್ದೀಯಾ, ಅಥವಾ ನಿನ್ನ ಮಾತಿನಲ್ಲಿ ಚಿಕ್ಕದಾಗಿಸಿ ಬರೆಯುತ್ತಿದ್ದೀಯಾ ಎಂಬುದನ್ನು ನೋಡಿಕೋ. ಎರಡನೆಯದಾದರೆ ಯಾವುದರಲ್ಲಿ ಬರೆದರೂ ಸರಿ. ಲ್ಯಾಪ್‌ಟಾಪ್ ತೆರೆದರೆ ಇಂಟರ್ನೆಟ್ ಮುಚ್ಚು. ತರಗತಿಯಲ್ಲಿ ಒಬ್ಬರು ಬೇರೆ ಪುಟ ತೆರೆದು ಕೂತರೆ ಹಿಂದೆ ಕೂತವರ ಕಲಿಕೆಯೂ ಕುಂದುತ್ತದೆ ಎಂದು 2013ರಲ್ಲಿ ಕಂಡುಬಂದಿದೆ. ಉದ್ದನೆಯ ಪಾಠವನ್ನು ಸಮಯದ ಒತ್ತಡದಲ್ಲಿ ಓದುವಾಗ ಕಾಗದವೇ ಇರಲಿ. ಐವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ವಿಶ್ಲೇಷಣೆ ಕಾಗದದ ಕಡೆಗೇ ವಾಲುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ಒಂದೂವರೆ ವರ್ಷ. ಅಕ್ಷರ ಕಲಿಸುವ ಆ್ಯಪ್ ಹಾಕಿಕೊಟ್ಟಿದ್ದಾರೆ. ಒಳ್ಳೆಯದೇ? (ಒಬ್ಬ ಅಜ್ಜ)

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದು ವರ್ಷದ ಮಗುವಿಗೆ ಪರದೆಯ ಮುಂದೆ ಕೂರುವ ಸಮಯ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಅವಳೊಡನೆ ನೀವು ಮಾತನಾಡಿ. ಅವಳು ಏನೋ ತೊದಲಿದಾಗ ಉತ್ತರಿಸುವ ಅಜ್ಜನಿಗೆ ಯಾವ ಆ್ಯಪೂ ಸಮನಲ್ಲ.

ಪ್ರಶ್ನೆ: ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಮನೆಗೆಲಸವನ್ನು ಮಕ್ಕಳು ಎಐನಿಂದ ಬರೆಸಿಕೊಂಡು ಬರುತ್ತಿದ್ದಾರೆ ಎಂಬ ಅನುಮಾನ. ಪತ್ತೆಹಚ್ಚುವ ತಂತ್ರಾಂಶ ಬಳಸಲೇ? (ಯುವ ಶಿಕ್ಷಕಿ)

ಉತ್ತರ: ಆ ತಂತ್ರಾಂಶದ ಮಾತು ನಂಬಿ ಒಂದು ಮಗುವನ್ನೂ ಕಳ್ಳನೆನ್ನಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಕಂಪನಿಯೇ ತನ್ನ ಪತ್ತೆ ಸಾಧನವನ್ನು, ನಿಖರತೆ ಕಡಿಮೆಯೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷದ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂತಹ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಕಷ್ಟಪಟ್ಟು ಬರೆದ ಮಗುವಿಗೆ "ಇದು ನಿನ್ನದಲ್ಲ" ಎಂದರೆ ಆ ಗಾಯ ಮಾಯುವುದಿಲ್ಲ.

ಮಕ್ಕಳಿಗೆ ಬೆದರಿಕೆಯ ಬದಲು ಒಂದು ಸಂಗತಿ ಹೇಳಿ. ಟರ್ಕಿ ದೇಶದ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಗಣಿತದ ಅಭ್ಯಾಸದ ಹೊತ್ತಿನಲ್ಲಿ ಎಐ ಕೊಟ್ಟು ನೋಡಿದರು. ಕೇಳಿದ್ದಕ್ಕೆಲ್ಲ ಉತ್ತರಿಸುವ ಎಐ ಬಳಸಿದವರು ಅಭ್ಯಾಸದಲ್ಲಿ ಶೇಕಡ 48ರಷ್ಟು ಹೆಚ್ಚು ಅಂಕ ಪಡೆದರು. ಎಐ ತೆಗೆದು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಬಳಸದೆ ಕಲಿತವರಿಗಿಂತ ಶೇಕಡ 17ರಷ್ಟು ಕಡಿಮೆ ಪಡೆದರು. ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ನೀಡುವಂತೆ ರೂಪಿಸಿದ ಎಐ ಬಳಸಿದ ಗುಂಪಿನಲ್ಲಿ ಈ ಕುಸಿತ ಬಹುಮಟ್ಟಿಗೆ ಕಾಣಲಿಲ್ಲ. ಯಂತ್ರ ಒಂದೇ. ಪೆನ್ನು ಯಾರ ಕೈಯಲ್ಲಿತ್ತು ಎಂಬುದಷ್ಟೇ ಬೇರೆ.

ನಾನು ತರಬೇತಿಯಲ್ಲಿ ಹೇಳಿಕೊಡುವುದು ಇಷ್ಟು. ಬರವಣಿಗೆಯ ಮೊದಲ ಕರಡು ತರಗತಿಯಲ್ಲಿಯೇ, ನಿಮ್ಮ ಕಣ್ಣೆದುರಿನಲ್ಲಿಯೇ ಆಗಲಿ. ಮನೆಯಲ್ಲಿ ತಿದ್ದಲಿ, ಎರಡೂ ಪ್ರತಿಗಳನ್ನು ಒಟ್ಟಿಗೆ ತರಲಿ. ವಾರಕ್ಕೆ ನಾಲ್ಕು ಮಕ್ಕಳನ್ನು ಕರೆದು, "ಈ ಸಾಲು ಏಕೆ ಹೀಗೆ ಬರೆದೆ?" ಎಂದು ಎರಡು ನಿಮಿಷ ಕೇಳಿ. ಬರೆದವರಿಗೆ ಉತ್ತರವಿರುತ್ತದೆ. ಮತ್ತೆ, ನೀವು ಕೊಡುವ ಮನೆಗೆಲಸವನ್ನೂ ಒಮ್ಮೆ ನೋಡಿಕೊಳ್ಳಿ. ಯಂತ್ರ ಎರಡು ಸೆಕೆಂಡಿನಲ್ಲಿ ಮುಗಿಸುವ ಪ್ರಶ್ನೆಯನ್ನು ನಾವು ವರ್ಷವರ್ಷವೂ ಕೊಡುತ್ತಿದ್ದೇವೆಯೇ? ನಾನು ಕೊಟ್ಟಿದ್ದೇನೆ, ತುಂಬ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಇಷ್ಟವಾದ ವ್ಯಕ್ತಿಯ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು. ಅಜ್ಜನ ಬಗ್ಗೆ ಎಐನಿಂದ ಬರೆಸಿದೆ. ಟೀಚರ್ ಚೆನ್ನಾಗಿದೆ ಎಂದು ಎಲ್ಲರ ಮುಂದೆ ಓದಿದರು. ಅಂದಿನಿಂದ ನಿದ್ದೆ ಬರುತ್ತಿಲ್ಲ. ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು. ಕಿವಿಗೆ ಹಿಡಿದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುತ್ತಿದ್ದರು. ಅದು ಆ ಪ್ರಬಂಧದಲ್ಲಿ ಇಲ್ಲ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ಮಗೂ, ನಾಳೆ ತರಗತಿ ಮುಗಿದ ಮೇಲೆ ಟೀಚರ್ ಒಬ್ಬರೇ ಇರುವಾಗ ಹೋಗಿ ಹೇಳು. "ಅದನ್ನು ನಾನು ಬರೆದಿರಲಿಲ್ಲ, ಹೊಸದಾಗಿ ಬರೆಯಲು ಅವಕಾಶ ಕೊಡಿ" ಎಂದರೆ ಸಾಕು. ಬೈಯಬಹುದು. ಹೀಗೆ ತಾವಾಗಿಯೇ ಬಂದು ಹೇಳಿದ ಮಕ್ಕಳು ನನ್ನ ಮೂವತ್ತೊಂದು ವರ್ಷದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರನ್ನೂ ನಾನು ಮರೆತಿಲ್ಲ, ಒಬ್ಬರ ಮೇಲೂ ಗೌರವ ಕಡಿಮೆಯಾಗಲಿಲ್ಲ.

ಅಜ್ಜ ಗಡಿಯಾರವನ್ನು ಕಿವಿಗೆ ಹಿಡಿಯುತ್ತಿದ್ದುದನ್ನು ಕಂಡವಳು ನೀನು. ಅಲ್ಲಿಂದಲೇ ಆರಂಭಿಸು. ಯಾವ ಕಿವಿಗೆ ಹಿಡಿಯುತ್ತಿದ್ದರು, ಆಗ ಕಣ್ಣು ಮುಚ್ಚುತ್ತಿದ್ದರೇ, ನಿನ್ನ ಕಿವಿಗೂ ಹಿಡಿದು ಕೇಳಿಸಿದ್ದರೇ, ಎಲ್ಲವನ್ನೂ ಬರೆ. ವಾಕ್ಯ ಸೊಟ್ಟಗಾದರೆ ಆಗಲಿ. ಮುಗಿದ ಮೇಲೆ ನನಗೂ ಒಂದು ಪ್ರತಿ ಕಳುಹಿಸು. ತಿದ್ದುವುದಿಲ್ಲ, ಓದುತ್ತೇನೆ.